ಇಂಗ್ಲಿಷ್ ಬರದ ಅಮ್ಮ, ಇಂಗ್ಲಿಷ್ ಹೋಂವರ್ಕ್

(ಮುಂಬೈಯ ಮಾಟುಂಗದಲ್ಲಿ ಒಂದು ಭಾನುವಾರ ಸಂಜೆ ಕನ್ನಡದ ಅಪ್ಪ-ಅಮ್ಮಂದಿರ ಮುಂದೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಇದರಲ್ಲಿಲ್ಲ. ಆಗ ನಾನು ಬೈದದ್ದೂ ಇಲ್ಲ.)

ಎಲ್ಲರಿಗೂ ನಮಸ್ಕಾರ. ಚಹಾ ಇನ್ನೂ ಬರುತ್ತಾ ಇದೆ, ಕುಡಿಯುತ್ತಾ ಕೇಳಿ, ಪರವಾಗಿಲ್ಲ.

ಶುರುವಿನಲ್ಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ರಿಟೈರ್ ಆದ ಮೇಲೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮಕ್ಕಳು ಸಂಜೆ ಹೊತ್ತು ಪುಸ್ತಕ ಹಿಡಿದು ಬರುತ್ತಾರೆ. ಒಂದು ದಿನ ಏಳನೇ ಕ್ಲಾಸಿನ ಹುಡುಗ ಬಂದ. ಬೀದಿ ದೀಪ ಉರಿಯುತ್ತಿಲ್ಲ ಅಂತ ವಾರ್ಡ್ ಆಫೀಸಿಗೆ ಪತ್ರ ಬರೆಯಬೇಕಿತ್ತು. ನನಗೆ ಅವತ್ತು ತಲೆನೋವು, ಗ್ಯಾಸ್ ಮೇಲೆ ಸಾರು. ಸುಮ್ನೆ ನಾನೇ ಹೇಳಿ ಬರೆಸಿಬಿಟ್ಟೆ. ಎರಡು ದಿನ ಬಿಟ್ಟು ಅವನು ನೋಟ್‌ಬುಕ್ ಹಿಡಿದುಕೊಂಡು ಖುಷಿಯಲ್ಲಿ ಓಡಿ ಬಂದ. ಟೀಚರ್ ಕೆಂಪು ಇಂಕಿನಲ್ಲಿ ಬರೆದಿದ್ದರು: 'ವೆರಿ ಗುಡ್. ನೌ ಯು ರೈಟ್ ಒನ್.' ಹುಡುಗ ಮೊದಲ ಎರಡು ಪದ ಮಾತ್ರ ಓದಿದ್ದ. ನನಗೆ ಉಳಿದದ್ದೂ ಕಾಣಿಸಿತು.

ಅದೇ ಬಿಲ್ಡಿಂಗಿನಲ್ಲಿ, ಕೆಳಗಿನ ಮನೆಯಲ್ಲಿ, ವಿಜಯಪುರದ ಕಡೆಯ ಒಬ್ಬ ಅಕ್ಕ ಇದ್ದಾಳೆ. ಓದಿದ್ದು ಮೂರನೇ ಕ್ಲಾಸು, ಅದೂ ಊರಿನಲ್ಲಿ. ಜೋಳದ ರೊಟ್ಟಿ ಆರ್ಡರ್ ತಗೊಂಡು ಮನೆ ನಡೆಸುತ್ತಾಳೆ. ಅವಳ ಮಗಳು ಅದೇ ಶಾಲೆ, ಅದೇ ಕ್ಲಾಸು, ಅದೇ ಪತ್ರ. ಅಕ್ಕ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದಳು: 'ಏನ್ ಬರದಿ, ಓದು. ಹಂಗಂದ್ರ ಏನು? ಯಾರಿಗೆ ಹೇಳಾಕತ್ತಿ? ಅಂವಾ ಯಾಕ ಕೇಳ್ಬೇಕ್ ನಿನ್ ಮಾತು?' ಇಷ್ಟೇ. ಇಂಗ್ಲಿಷಿನಲ್ಲಿ ಒಂದಕ್ಷರ ಬರುವುದಿಲ್ಲ ಅವಳಿಗೆ. ಆದರೆ ಮಗಳ ಪತ್ರದಲ್ಲಿ ಎರಡು ಸ್ಪೆಲ್ಲಿಂಗ್ ತಪ್ಪಿನ ನಡುವೆ ಒಂದು ವಾಕ್ಯ ಇತ್ತು, ಕನ್ನಡದಲ್ಲಿ ಹೇಳುತ್ತೇನೆ: 'ಸಾಹೇಬರೇ, ರಾತ್ರಿ ಹತ್ತಕ್ಕೆ ನನ್ನ ಅಮ್ಮ ರೊಟ್ಟಿ ಕೊಟ್ಟು ಬರುವಾಗ ಮೊಬೈಲ್ ಬೆಳಕಿನಲ್ಲಿ ನಡೆಯುತ್ತಾಳೆ.' ನಾನು ಹೇಳಿ ಬರೆಸಿದ ಪತ್ರದಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಹಾಗಾಗಿ ಇವತ್ತು ನಾನು ಹೇಳಬೇಕು ಅಂದುಕೊಂಡದ್ದು ಇದೊಂದೇ. ಇಂಗ್ಲಿಷ್ ಹೋಂವರ್ಕ್ ಮಾಡಿಸೋಕೆ ನಿಮಗೆ ಇಂಗ್ಲಿಷ್ ಬರಲೇಬೇಕು ಅಂತೇನಿಲ್ಲ. ವ್ಯಾಕರಣ, ಪದ್ಯ, ಮನವೊಲಿಸುವ ಬರಹ, ಈ ಮೂರರ ಹೋಂವರ್ಕಿಗೂ ಬೇಕಾದ ಸಾಮಾನು ನಿಮ್ಮ ಮನೆಯ ಮಾತಿನಲ್ಲೇ ಇದೆ. ಅದನ್ನು ಹೊರಗೆ ತೆಗೆಯೋದು ಹೇಗೆ ಅಂತ ಸ್ವಲ್ಪ ನೋಡೋಣ.

ಮಕ್ಕಳನ್ನು ಟ್ಯೂಷನ್‌ಗೆ ಕಳಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಕಳಿಸಿ. ಆದರೆ ಮಹಾರಾಷ್ಟ್ರದಲ್ಲಿ 2000ನೇ ಇಸವಿಯಿಂದ ಯಾವ ಮಾಧ್ಯಮದ ಶಾಲೆಯಾದರೂ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. ಅಂದರೆ ಹತ್ತು ವರ್ಷ, ದಿನಾ ಸಂಜೆ ಹೋಂವರ್ಕ್. ಅಷ್ಟೂ ದಿನ 'ನನಗೆ ಗೊತ್ತಾಗಲ್ಲ ಪುಟ್ಟಾ, ಟ್ಯೂಷನ್ ಟೀಚರ್‌ನ ಕೇಳು' ಅಂತ ಹೇಳ್ತಾ ಹೋದರೆ ಮಗುವಿಗೆ ಏನನ್ನಿಸುತ್ತದೆ? ಅಮ್ಮನ ಭಾಷೆ ಓದಿಗೆ ಉಪಯೋಗವಿಲ್ಲದ್ದು ಅಂತ. ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡೋದು ಸುಮ್ಮನೆ ಶುರುವಾಗಲಿಲ್ಲ, ಅಲ್ವಾ?

ಈ 'ಅಲ್ವಾ'ದಿಂದಲೇ ವ್ಯಾಕರಣಕ್ಕೆ ಬರೋಣ.

ಕನ್ನಡದಲ್ಲಿ ಒಂದು 'ಅಲ್ವಾ' ಇದ್ದರೆ ಜೀವನ ಸಾಗುತ್ತದೆ. ಅವನು ಬಂದ ಅಲ್ವಾ, ನಾಳೆ ರಜೆ ಅಲ್ವಾ, ನಿನಗೆ ಹಸಿವಿಲ್ಲ ಅಲ್ವಾ. ಎಲ್ಲದಕ್ಕೂ ಒಂದೇ ಬಾಲ. ಹಿಂದಿ, ಮರಾಠಿಯ 'ನಾ' ಕೂಡ ಹಾಗೇ. ಇಂಗ್ಲಿಷಿನಲ್ಲಿ ಮಾತ್ರ ಪ್ರತಿ ವಾಕ್ಯಕ್ಕೂ ಅಳತೆ ತಗೊಂಡು ಬಾಲ ಹೊಲಿಸಬೇಕು. 'ಹಿ ಕೇಮ್' ಅಂದರೆ 'ಡಿಡಂಟ್ ಹಿ'. 'ಯು ಆರ್ ನಾಟ್ ಹಂಗ್ರಿ' ಅಂದರೆ 'ಆರ್ ಯು'. ನಮ್ಮ ಮಕ್ಕಳು ಎಲ್ಲದಕ್ಕೂ 'ಈಸಂಟ್ ಇಟ್' ಅಂಟಿಸುತ್ತಾರೆ, ಯಾಕೆಂದರೆ ಒಂದೇ ಬಾಲದ ಮನೆಯಿಂದ ಬಂದವರು ಅವರು. ಇದು ದಡ್ಡತನ ಅಲ್ಲ. ಇದನ್ನು ಮಗುವಿಗೆ ಹೀಗೇ ಹೇಳಿ ನೋಡಿ, 'ನಮ್ಮಲ್ಲಿ ಒಂದು ಬಾಲ, ಅವರಲ್ಲಿ ವಾಕ್ಯಕ್ಕೊಂದು ಬಾಲ' ಅಂತ. ನಗುತ್ತದೆ. ನಕ್ಕಿದ್ದು ಮರೆಯೋದಿಲ್ಲ.

ಇನ್ನೊಂದು, ಮುಂಬೈಯಲ್ಲಿ ದೊಡ್ಡವರೂ ಮಾಡುವ ತಪ್ಪು. 'ಐ ಹ್ಯಾಡ್ ಗಾನ್ ಟು ದಾದರ್ ಯೆಸ್ಟರ್‌ಡೇ.' ಯಾಕೆ ಹೀಗೆ? ನಾವು 'ನಿನ್ನೆ ದಾದರಿಗೆ ಹೋಗಿದ್ದೆ' ಅಂತೀವಿ. ಹಿಂದಿಯಲ್ಲೂ 'ಗಯಾ ಥಾ'. ಆ 'ಇದ್ದೆ'ಯೇ ಇಂಗ್ಲಿಷಿನೊಳಗೆ ನುಗ್ಗಿ 'ಹ್ಯಾಡ್' ಆಗುತ್ತದೆ. ಇಂಗ್ಲಿಷಿನವರು ಅಲ್ಲಿ ಬರೀ 'ವೆಂಟ್' ಅನ್ನುತ್ತಾರೆ. 'ಹ್ಯಾಡ್' ಬೇಕಾಗುವುದು ಹಿಂದೆ ನಡೆದದ್ದು ಎರಡಿದ್ದು, ಅದರಲ್ಲಿ ಒಂದು ಮೊದಲೇ ಮುಗಿದಿತ್ತು ಅಂತ ತೋರಿಸಲು. ಇದನ್ನು ನಾನು ಬೋರ್ಡಿನ ಮೇಲೆ ಗೆರೆ ಎಳೆದು, ಬಾಣ ಹಾಕಿ, ಎಷ್ಟೋ ವರ್ಷ ಕಲಿಸಿದೆ, ಯಾರ ತಲೆಗೂ ಹೋಗಲಿಲ್ಲ, ಕೊನೆಗೆ ಒಂದು ದಿನ ಬೇಜಾರಾಗಿ ಚಾಕ್ ಕೆಳಗಿಟ್ಟು ಹೇಳಿದೆ: 'ನಾನು ಪ್ಲಾಟ್‌ಫಾರ್ಮಿಗೆ ಇಳಿಯೋ ಹೊತ್ತಿಗೆ 8:12ರ ಲೋಕಲ್ ಹೋಗಿತ್ತು.' ಇಡೀ ಕ್ಲಾಸು 'ಹಾ...' ಅಂತು. ಇಳಿದದ್ದು ಒಂದು, ಹೋಗಿದ್ದು ಅದಕ್ಕೂ ಮೊದಲು. ಹೋದ ಟ್ರೇನಿಗೆ 'ಹ್ಯಾಡ್', ತಪ್ಪಿಸಿಕೊಂಡ ನನಗೆ ಬರೀ ಪಾಸ್ಟ್. ಈ ಊರಿನಲ್ಲಿ ಪಾಸ್ಟ್ ಪರ್ಫೆಕ್ಟ್ ಕಲಿಸೋಕೆ ತಪ್ಪಿದ ಟ್ರೇನಿಗಿಂತ ಒಳ್ಳೆ ಉದಾಹರಣೆ ಬೇಕೇ?

ಸ್ಟೇಷನ್‌ಗೆ ಬಂದಾಗಿದೆ, ಅಲ್ಲೇ ಇನ್ನೊಂದು ನೋಡಿಬಿಡೋಣ. ಟ್ರೇನ್ ತಡ ಆದಾಗ ಪ್ರಕಟಣೆ ಕೇಳುತ್ತದಲ್ಲ, 'ದ ಇನ್‌ಕನ್ವೀನಿಯೆನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್'. ಪ್ಯಾಸಿವ್ ವಾಯ್ಸ್ ಅಂದರೇನು ಅಂತ ಮಗು ಕೇಳಿದರೆ ಇದನ್ನು ಹೇಳಿ. ತೊಂದರೆ ಕೊಟ್ಟವರು ಯಾರು? ವಾಕ್ಯದಲ್ಲಿ ಇಲ್ಲ. ವಿಷಾದ ಪಡುತ್ತಿರುವವರು ಯಾರು? ಅವರೂ ಇಲ್ಲ. ಮಾಡಿದವನನ್ನು ಬಾಗಿಲ ಹಿಂದೆ ನಿಲ್ಲಿಸುವ ವಾಕ್ಯ ಅದು. ಕನ್ನಡದಲ್ಲಿ 'ಮಾಡಲ್ಪಟ್ಟಿತು' ಅಂತ ಮನೆಯಲ್ಲಿ ಯಾರೂ ಮಾತಾಡೋದಿಲ್ಲ. ಆದರೆ ಲೋಟ ಒಡೆದ ಮಗು ಏನು ಹೇಳುತ್ತದೆ? 'ಅಮ್ಮಾ, ಲೋಟ ಒಡೆದುಹೋಯ್ತು.' ನಾನು ಒಡೆದೆ ಅನ್ನೋದಿಲ್ಲ. ಮಾಡಿದವರನ್ನು ಅಡಗಿಸುವ ವಿದ್ಯೆ ಮಗುವಿಗೆ ಮೊದಲೇ ಗೊತ್ತು. ನೀವು ಅದರ ಇಂಗ್ಲಿಷ್ ಹೆಸರು ಹೇಳಿದರೆ ಸಾಕು.

ಈಗ ನನಗೆ ಬಹಳ ಇಷ್ಟವಾದ ವಿಷಯ. ನಮ್ಮ ಲಿಪಿ.

ಇಂಗ್ಲಿಷಿನಲ್ಲಿ 'ಅ' ಮತ್ತು 'ಆನ್' ಎಲ್ಲಿ ಹಾಕಬೇಕು ಅನ್ನೋದು ಮಕ್ಕಳಿಗೆ ಶನಿ. ಸ್ವರದ ಅಕ್ಷರ ಬಂದರೆ 'ಆನ್' ಅಂತ ಬಾಯಿಪಾಠ ಮಾಡಿರುತ್ತಾರೆ. ಆಮೇಲೆ 'ಯೂನಿವರ್ಸಿಟಿ'ಗೆ ಆನ್ ಹಾಕುತ್ತಾರೆ, ಗಂಟೆ ಅನ್ನುವ 'ಅವರ್'ಗೆ ಅ ಹಾಕುತ್ತಾರೆ, ಎರಡೂ ತಪ್ಪು. ನಿಯಮ ಇರೋದು ಅಕ್ಷರಕ್ಕಲ್ಲ, ಸದ್ದಿಗೆ. ಇಂಗ್ಲಿಷ್ ಸ್ಪೆಲ್ಲಿಂಗ್ ಸದ್ದನ್ನು ಮುಚ್ಚಿಡುತ್ತದೆ, ಕನ್ನಡ ಲಿಪಿ ತೆರೆದಿಡುತ್ತದೆ. ಆ ಪದವನ್ನು ಕನ್ನಡದಲ್ಲಿ ಬರೆಯಿರಿ ಅಂತ ಹೇಳಿ. 'ಯೂನಿವರ್ಸಿಟಿ' ಯಕಾರದಿಂದ ಶುರು, ವ್ಯಂಜನ, ಆದ್ದರಿಂದ ಅ. 'ಅವರ್' ಅಕಾರದಿಂದ ಶುರು, ಸ್ವರ, ಆದ್ದರಿಂದ ಆನ್. 'ಒನ್ ರುಪಿ ಕಾಯಿನ್' ಅನ್ನೋದರಲ್ಲಿ ಆ 'ಒನ್' ನಿಜಕ್ಕೂ 'ವನ್', ವಕಾರ, ಹಾಗಾಗಿ ಅ. 'ಎಂಎಲ್‌ಎ' ಎಕಾರ, ಆನ್. ಒಂದು ನಿಮಿಷದ ಕೆಲಸ.

ಆದರೆ ಒಂದು ಎಚ್ಚರ. ನಾವು ಕನ್ನಡದವರು ಮಾತಾಡುವಾಗ ಎಕಾರದ ಹಿಂದೆ ಒಂದು ಯ, ಒಕಾರದ ಹಿಂದೆ ಒಂದು ವ ಕದ್ದು ಸೇರಿಸುತ್ತೇವೆ. 'ಯೆಲ್ಲಿ ಹೋಗ್ತಿ', 'ವೊಂದು ಕೊಡು'. ನನ್ನ ಒಬ್ಬ ವಿದ್ಯಾರ್ಥಿನಿ ಸದ್ದಿನ ನಿಯಮ ಸರಿಯಾಗಿ ಕಲಿತು, ಸರಿಯಾಗಿ ಹಚ್ಚಿ, 'ಅ ಎಗ್' ಅಂತ ಬರೆದಳು. ಯಾಕಮ್ಮಾ ಅಂದರೆ, 'ಟೀಚರ್, ಯೆಗ್ಗು ಅಲ್ವಾ, ಯಕಾರ.' ತಪ್ಪು ಉತ್ತರ, ಆದರೆ ಎಷ್ಟು ಚಂದದ ತರ್ಕ! ಆ ಮಾರ್ಕು ಕತ್ತರಿಸೋಕೆ ನನ್ನ ಕೈ ಬರಲಿಲ್ಲ. ಕತ್ತರಿಸಿದೆ, ಆದರೂ ಹೇಳುತ್ತಿದ್ದೇನೆ.

'ಅವನಿಗೇ ಹೇಳಿದೆ', 'ಇಲ್ಲೇ ಇದ್ದೀನಿ' ಅನ್ನುವಾಗಿನ ಆ 'ಏ' ಇಂಗ್ಲಿಷಿಗೆ ಹೋಗಿ 'ಓನ್ಲಿ' ಆಗುತ್ತದೆ, 'ಐ ಆಮ್ ಹಿಯರ್ ಓನ್ಲಿ'. ಪರೀಕ್ಷೆಯಲ್ಲಿ ಬರೆಯಬೇಡಿ ಅಂತ ಹೇಳಿ, ಮಾತಾಡುವಾಗ ಬಿಟ್ಟುಬಿಡಿ. ಅದರ ಮೇಲೆ ನನಗೆ ಕೋಪ ಇಲ್ಲ. ವ್ಯಾಕರಣ ಇಷ್ಟು ಸಾಕು, ಚಹಾ ತಣ್ಣಗಾಗುತ್ತಿದೆ.

ಪದ್ಯಕ್ಕೆ ಬರೋಣ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಲ್ಲಿ 'ಅಪ್ರಿಸಿಯೇಷನ್ ಆಫ್ ದ ಪೊಯೆಮ್' ಅಂತ ಒಂದು ಪ್ರಶ್ನೆ ಇದೆ. ಪದ್ಯದ ಹೆಸರು, ಕವಿ, ಪ್ರಾಸದ ಕ್ರಮ, ಅಲಂಕಾರ, ಮುಖ್ಯ ಭಾವ, ಇಂಥವನ್ನು ಬರೆಯಬೇಕು. ಮಕ್ಕಳು ಗೈಡ್ ತಂದು ಉರು ಹೊಡೆಯುತ್ತಾರೆ. ಎಲ್ಲಾ ಪದ್ಯಕ್ಕೂ ಒಂದೇ ಉತ್ತರ, 'ಪದ್ಯ ತುಂಬಾ ಚೆನ್ನಾಗಿದೆ, ಒಳ್ಳೆಯ ಸಂದೇಶ ಕೊಡುತ್ತದೆ.' ಸತ್ತವನ ಬಗ್ಗೆಯ ಪದ್ಯಕ್ಕೂ ಅದೇ, ಬೆಕ್ಕಿನ ಬಗ್ಗೆಯ ಪದ್ಯಕ್ಕೂ ಅದೇ.

ನಾನು ಹೇಳೋದು ಇಷ್ಟು. ಅರ್ಥ ಆಮೇಲೆ, ಮೊದಲು ಗಟ್ಟಿಯಾಗಿ ಓದಿಸಿ. ನಿಮಗೆ ಅರ್ಥ ಆಗಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಇಲ್ಲಿ ಕೂತವರಲ್ಲಿ ಯಕ್ಷಗಾನ ನೋಡದವರು ಯಾರಿದ್ದೀರಿ? ಚೆಂಡೆ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಯಾರೂ ನಿಮಗೆ ಕಲಿಸಲಿಲ್ಲ. ಇಂಗ್ಲಿಷ್ ಪದ್ಯದ ಲಯವೂ ಪೆಟ್ಟಿನ ಲೆಕ್ಕವೇ. ನಮ್ಮದು ಮಾತ್ರೆಯ ಲೆಕ್ಕ, ಲಘು ಗುರು, ಎಷ್ಟು ಹೊತ್ತು ಎಳೆದೆ ಅನ್ನೋದು. ಅವರದು ಎಲ್ಲಿ ಒತ್ತಿದೆ ಅನ್ನೋದು. ಅಯಾಂಬಿಕ್ ಪೆಂಟಾಮೀಟರ್ ಅನ್ನುವ ಹೆಸರು ಕೇಳಿ ಮಕ್ಕಳು ಹೆದರುತ್ತಾರೆ. ತದಾಂ ತದಾಂ ತದಾಂ ತದಾಂ ತದಾಂ, ಅಷ್ಟೇ. ಮೆಲ್ಲಗೆ ಒಂದು, ಜೋರಾಗಿ ಒಂದು, ಹೀಗೆ ಐದು ಸಲ. 'ಐ ವಾಂಟ್ ಅ ಕಪ್ ಅಫ್ ಟೀ ಬಿಫೋರ್ ಐ ಗೋ.' ತಟ್ಟಿ ನೋಡಿ. ವಾಂಟ್, ಕಪ್, ಟೀ, ಫೋರ್, ಗೋ. ಐದು ಪೆಟ್ಟು. (ಇಲ್ಲಿ ಇಡೀ ಹಾಲ್ ತೊಡೆ ತಟ್ಟಿತು. ಮುಂದಿನ ಸಾಲಿನ ಒಬ್ಬ ಅಜ್ಜ ಎಲ್ಲರಿಗಿಂತ ಸರಿಯಾಗಿ.) ಈ ಒತ್ತು ಮಾತ್ರ ಕನ್ನಡ ಲಿಪಿಯಲ್ಲಿ ಕಾಣೋದಿಲ್ಲ. 'ರೆಕಾರ್ಡ್' ಅಂತ ಒಂದೇ ಥರ ಬರೆಯುತ್ತೇವೆ, ಆದರೆ ಇಂಗ್ಲಿಷಿನಲ್ಲಿ ಮುಂದೆ ಒತ್ತಿದರೆ ವಸ್ತು, ಹಿಂದೆ ಒತ್ತಿದರೆ ಕ್ರಿಯೆ. ಅದಕ್ಕೆ ಕೈ ತಟ್ಟಲೇಬೇಕು.

ಪ್ರಾಸಕ್ಕೆ ಮತ್ತೆ ನಮ್ಮ ಲಿಪಿ ಸಹಾಯಕ್ಕೆ ಬರುತ್ತದೆ. ಮಕ್ಕಳು ಸ್ಪೆಲ್ಲಿಂಗ್ ನೋಡಿ ಪ್ರಾಸ ಹುಡುಕುತ್ತಾರೆ. 'ಲವ್' ಮತ್ತು 'ಮೂವ್', ಬಾಲದ ಅಕ್ಷರಗಳು ಒಂದೇ, ಹಾಗಾಗಿ ಪ್ರಾಸ ಅಂತಾರೆ. ಕನ್ನಡದಲ್ಲಿ ಬರೆದರೆ ಗೊತ್ತಾಗುತ್ತದೆ, ಕಣ್ಣಿಗೆ ಪ್ರಾಸ, ಕಿವಿಗಲ್ಲ. ಉಲ್ಟಾನೂ ಇದೆ. 'ಟಫ್' ಮತ್ತು 'ಸ್ಟಫ್' ಸ್ಪೆಲ್ಲಿಂಗಿನಲ್ಲಿ ಸಂಬಂಧವೇ ಇಲ್ಲದವರು, ಸದ್ದಿನಲ್ಲಿ ಅಣ್ಣತಮ್ಮಂದಿರು. ಇಂಗ್ಲಿಷ್ ಸ್ಪೆಲ್ಲಿಂಗ್ ಯಾಕೆ ಹೀಗೆ ಅಂತ ಮಗು ಕೇಳಿದರೆ ಬೈಯಬೇಡಿ, ಒಳ್ಳೆ ಪ್ರಶ್ನೆ ಅದು. ಕ್ಯಾಕ್ಸ್‌ಟನ್ ಅನ್ನುವವನು ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದದ್ದು 1476ರಲ್ಲಿ. ಅಚ್ಚು ಬಂದ ಮೇಲೆ ಸ್ಪೆಲ್ಲಿಂಗ್ ನಿಧಾನಕ್ಕೆ ಕಲ್ಲಾಯಿತು, ಆದರೆ ಜನರ ಬಾಯಿ ಬದಲಾಗುತ್ತಲೇ ಹೋಯಿತು. 'ನೈಟ್' ಅಂದರೆ ಯೋಧ, ಆ ಪದದ ಮುಂದಿನ ಕಕಾರವನ್ನು ಒಂದು ಕಾಲದಲ್ಲಿ ನಿಜವಾಗಿ ಉಚ್ಚರಿಸುತ್ತಿದ್ದರು. ಈಗ ಉಚ್ಚಾರ ಹೋಗಿ ಅಕ್ಷರ ಉಳಿದಿದೆ, ಮನೆ ಬಿಟ್ಟು ಹೋದವರ ಹೆಸರಿನ ಬೋರ್ಡ್ ಬಾಗಿಲ ಮೇಲೆ ಉಳಿದ ಹಾಗೆ.

ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಇದ್ದದ್ದು ಸಾಲಿನ ಕೊನೆಯಲ್ಲಿ ಅಲ್ಲ, ಮುಂದೆ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ನಾನೇ ಕಟ್ಟಿದ ಒಂದು ಹುಚ್ಚು ಪದ್ಯ: 'ಮಳೆ ಬಂತು ದಾದರಿನಲ್ಲಿ, ಕೊಳೆ ತೇಲ್ತು ರಸ್ತೆಯಲ್ಲಿ.' ಮಳೆ-ಕೊಳೆ, ಅದು ನಮ್ಮ ಆದಿಪ್ರಾಸ. ಕೊನೆಯ ಅಲ್ಲಿ-ಅಲ್ಲಿ, ಅದು ಇಂಗ್ಲಿಷಿನವರು ಹುಡುಕುವ ಅಂತ್ಯಪ್ರಾಸ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಆದಿಪ್ರಾಸ ಬಿಟ್ಟು ಬರೆಯಲು ಶುರು ಮಾಡಿದರು, ಆಗಿನವರಿಗೆ ಅದು ದೊಡ್ಡ ಧೈರ್ಯದ ಕೆಲಸ. ಮಗುವಿಗೆ ಈ ಎರಡನ್ನೂ ಪಕ್ಕಪಕ್ಕ ತೋರಿಸಿದರೆ 'ರೈಮ್ ಸ್ಕೀಮ್' ಅನ್ನೋದು ಎ ಎ ಬಿ ಬಿ ಅಂತ ತುಂಬುವ ಖಾಲಿ ಜಾಗ ಅಲ್ಲ, ಕವಿ ಬೇಕು ಅಂತ ಮಾಡಿದ ಕೆಲಸ ಅಂತ ಗೊತ್ತಾಗುತ್ತದೆ.

ಅಲಂಕಾರದ ಮಾತು ಜಾಸ್ತಿ ಬೇಡ. ಲಕ್ಷ್ಮೀಶನಿಗೆ ಉಪಮಾಲೋಲ, ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಬಿರುದು ಕೊಟ್ಟ ಭಾಷೆಯವರು ನಾವು, ಸಿಮಿಲಿ ಮತ್ತು ಮೆಟಫರ್‌ಗೆ ಹೆದರುವುದಾ? 'ಕತ್ತೆ ಹಾಗೆ ದುಡೀತಾನೆ', ಉಪಮೆ. 'ಅವನೊಬ್ಬ ಕತ್ತೆ', ರೂಪಕ. ಮುಗಿಯಿತು. ಆದರೆ 'ಅಪಾಸ್ಟ್ರಫಿ' ಅಂತ ಒಂದು ಇದೆ, ಅದರಲ್ಲಿ ಮಕ್ಕಳು ಜಾರುತ್ತಾರೆ. ಜೀವ ಇಲ್ಲದ್ದನ್ನು ಅಥವಾ ಎದುರಿಗೆ ಇಲ್ಲದವರನ್ನು ಕರೆದು ಮಾತಾಡಿಸುವುದು. ನಮ್ಮ ಸಂಬೋಧನಾ ವಿಭಕ್ತಿ ಇದಕ್ಕೆ ಬಾಗಿಲು. ನ್ಯೂಮನ್ ಅನ್ನುವ ಪಾದ್ರಿ 1833ರಲ್ಲಿ ಊರಿಗೆ ವಾಪಸು ಹೋಗುವಾಗ ಗಾಳಿ ನಿಂತು ಹಡಗು ಸಮುದ್ರದ ಮಧ್ಯೆ ನಿಂತುಬಿಟ್ಟಿತು, ಆಗ ಬರೆದ ಪ್ರಾರ್ಥನೆ ನಮಗೆಲ್ಲ ಗೊತ್ತು. ಬಿ.ಎಂ.ಶ್ರೀಯವರ ಕೈಯಲ್ಲಿ ಅದು 'ಕರುಣಾಳು ಬಾ ಬೆಳಕೆ' ಆಯಿತು. ಆ 'ಬೆಳಕೆ' ಅನ್ನುವ ಕೊನೆಯ ಎಕಾರ ಇದೆಯಲ್ಲ, ಅದೇ ಅಪಾಸ್ಟ್ರಫಿ. ಅದನ್ನು ಶಾಲೆಯಲ್ಲಿ ಹಾಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ನೋಡಿ, ಅರ್ಧ ಹಾಲ್. ಮನೆಗೆ ಹೋಗಿ ಮಗುವಿನ ಮುಂದೆ ಹಾಡಿ.

ಪದ್ಯದಲ್ಲಿ ನಿಜವಾದ ಕಷ್ಟ ಬೇರೆ. ಅದು ಹವಾಮಾನದ್ದು. ಇಂಗ್ಲಿಷ್ ಪದಗಳಿಗೆ ಚಳಿ ದೇಶದ ಮೈ ಇದೆ. ಅವರಿಗೆ ಬಿಸಿ ಅಂದರೆ ಪ್ರೀತಿ, 'ವಾರ್ಮ್ ವೆಲ್‌ಕಮ್'. ತಣ್ಣಗೆ ಅಂದರೆ ಬೇಸರ, ದೂರ. ನಮಗೆ? ಅಜ್ಜಿ ಹರಸುವುದೇ 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂತ. ಒಂದು ಪಾಠದಲ್ಲಿ ಯಾರೋ 'ಕೋಲ್ಡ್ ರಿಪ್ಲೈ' ಕೊಟ್ಟರು ಅಂತ ಬಂದಾಗ ನನ್ನ ಒಬ್ಬ ಹುಡುಗ, ಕೋಪ ಮಾಡಿಕೊಳ್ಳದೆ ಸಮಾಧಾನವಾಗಿ ಉತ್ತರ ಕೊಟ್ಟರು ಅಂತ ಬರೆದಿದ್ದ. ಮೇ ತಿಂಗಳ ಮುಂಬೈಯಲ್ಲಿ ಕೂತು ಬೇರೆ ಏನು ಅಂದುಕೊಳ್ಳುತ್ತಾನೆ ಹೇಳಿ? ಡಿಕ್ಷನರಿ ಇದನ್ನು ಹೇಳಿಕೊಡೋದಿಲ್ಲ. ಸ್ಪ್ರಿಂಗ್ ಬಗ್ಗೆ ಪದ್ಯ ಬಂದರೆ 'ವಸಂತ ಋತು' ಅಂತ ಅರ್ಥ ಹೇಳಿ ಮುಂದೆ ಹೋಗಬೇಡಿ. ನಮಗೆ ವರ್ಷವೆಲ್ಲಾ ಕಾದು, ಕೊನೆಗೂ ಬಂತಪ್ಪಾ ಅನ್ನಿಸೋದು ಯಾವುದು ಅಂತ ಕೇಳಿ. ಜೂನ್ ತಿಂಗಳ ಮೊದಲ ಮಳೆ ಅಂತ ಮಗು ತಾನೇ ಹೇಳುತ್ತದೆ. ಆಗ ಪದ್ಯ ಒಳಗೆ ಇಳಿಯುತ್ತದೆ.

ಇನ್ನು ಮನವೊಲಿಸುವ ಬರಹ. ಪತ್ರ, ಭಾಷಣ, ಮನವಿ, ವ್ಯೂ-ಕೌಂಟರ್‌ವ್ಯೂ, ಹೀಗೆಲ್ಲಾ ಬರುತ್ತದೆ. ನಮ್ಮ ಮಕ್ಕಳು ಬರೆಯೋದು 'ಐ ಹಂಬ್ಲಿ ರಿಕ್ವೆಸ್ಟ್ ಯು'. ಎಲ್ಲಾ ಪತ್ರದಲ್ಲೂ ಇದೇ ವಾಕ್ಯ, ಯಾರಿಗಾದರೂ ಸರಿ. ಅದೇ ಮಗು ಪಿಕ್‌ನಿಕ್‌ಗೆ ಹೋಗಲು ಅಪ್ಪನ ಹತ್ತಿರ ದುಡ್ಡು ಕೇಳುವಾಗ ನೋಡಿದ್ದೀರಾ? ನಾನು ಒಮ್ಮೆ ನಮ್ಮ ಅಣ್ಣನ ಮನೆಯಲ್ಲಿ ಕೂತು ಇಡೀ ನಾಟಕ ನೋಡಿದೆ. ಮೊದಲು 'ಅಪ್ಪಾ, ಈ ಸಲ ಗಣಿತದಲ್ಲಿ ನಾನೇ ಕೂತು ಓದಿದೆ, ನೀವು ಹೇಳಲೇ ಇಲ್ಲ.' ಅಂದರೆ, ನಾನು ನಂಬಬಹುದಾದವನು. ಆಮೇಲೆ 'ನಾನೂರು ರೂಪಾಯಿ ಅಷ್ಟೇ, ಬಸ್ಸು ಊಟ ಎಲ್ಲಾ ಅದರಲ್ಲೇ.' ಲೆಕ್ಕ. ಕೊನೆಗೆ ಗಂಟಲು ಸ್ವಲ್ಪ ಒದ್ದೆ ಮಾಡಿಕೊಂಡು, 'ಹೋದ ವರ್ಷವೂ ನಾನೊಬ್ಬನೇ ಮನೇಲಿ ಇದ್ದೆ.' ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆ ಹೇಳಿದ ಈಥೋಸ್, ಲೋಗೋಸ್, ಪೇಥೋಸ್, ಅಂದರೆ ನಂಬಿಕೆ, ತರ್ಕ, ಭಾವ, ಮೂರೂ ಐದು ನಿಮಿಷದಲ್ಲಿ ಬಂತು. ಅಪ್ಪ 'ಮಳೆ ಇದೆಯಲ್ಲೋ' ಅಂದಾಗ ಹುಡುಗ 'ಛತ್ರಿ ತಗೊಂಡು ಹೋಗ್ತೀನಿ' ಅನ್ನಲಿಲ್ಲ. 'ಹೌದಪ್ಪಾ, ಅದಕ್ಕೇ ಟೀಚರ್ ಫಾಲ್ಸ್ ಬೇಡ ಅಂತ ಮ್ಯೂಸಿಯಂ ಇಟ್ಟಿದ್ದಾರೆ' ಅಂದ. ಎದುರಿನವರ ಆಕ್ಷೇಪ ಒಪ್ಪಿಕೊಂಡು ತಿರುಗಿಸುವುದು. ಕೌಂಟರ್‌ವ್ಯೂ ಅಂದರೆ ಅದೇ.

ಹಾಗಾಗಿ ಅಂಥ ಹೋಂವರ್ಕ್ ಬಂದಾಗ ನೀವು ಆ ವಾರ್ಡ್ ಆಫೀಸರ್ ಆಗಿ. ಕುರ್ಚಿ ಮೇಲೆ ಕೂತುಕೊಳ್ಳಿ, ಮುಖ ಗಂಟು ಹಾಕಿಕೊಳ್ಳಿ. 'ಬಜೆಟ್ ಇಲ್ಲ, ಮುಂದಿನ ತಿಂಗಳು ಬಾ' ಅನ್ನಿ. ಮಗು ಕನ್ನಡದಲ್ಲೋ ಹಿಂದಿಯಲ್ಲೋ ತುಳುವಿನಲ್ಲೋ ವಾದ ಮಾಡಲಿ. ಅದು ವಾದ ಮಾಡಿ ಗೆದ್ದ ಮೇಲೆ 'ಈಗ ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರಿ' ಅನ್ನಿ. ಇಂಗ್ಲಿಷ್ ತಪ್ಪಾಗಲಿ, ತಿದ್ದೋಕೆ ಟೀಚರ್ ಇದ್ದಾರೆ. ಹೇಳೋಕೆ ಏನಾದರೂ ಇರಬೇಕು, ಅದು ಮನೆಯಲ್ಲೇ ಹುಟ್ಟಬೇಕು.

ಪದದ ಆಯ್ಕೆಗೆ ಈ ಊರಿನಲ್ಲೇ ಒಳ್ಳೆಯ ಪಾಠ ಇದೆ. ಗ್ರಾಂಟ್ ರೋಡ್ ಹತ್ತಿರದ ಗೋವಾಲಿಯಾ ಟ್ಯಾಂಕ್ ಮೈದಾನ, 1942ರ ಆಗಸ್ಟ್ 8. ಅದಕ್ಕೂ ಮುಂಚೆ ಬ್ರಿಟಿಷರಿಗೆ ಏನು ಹೇಳಬೇಕು ಅಂತ ಚರ್ಚೆ ನಡೆದಾಗ ಯಾರೋ 'ಗೆಟ್ ಔಟ್' ಅಂದರಂತೆ, ಗಾಂಧೀಜಿಗೆ ಅದು ಒರಟು ಅನ್ನಿಸಿತಂತೆ. 'ಕ್ವಿಟ್ ಇಂಡಿಯಾ' ಅನ್ನುವ ಘೋಷಣೆ ಕೊಟ್ಟವರು ಯೂಸುಫ್ ಮೆಹರಲಿ ಅಂತ ಹೇಳುತ್ತಾರೆ. ಅರ್ಥ ಒಂದೇ, ದನಿ ಬೇರೆ. ಒಂದು ಬಾಗಿಲಿಗೆ ಒದ್ದ ಹಾಗೆ, ಇನ್ನೊಂದು ಬಾಗಿಲು ತೆರೆದು ನಿಂತ ಹಾಗೆ. ಆ ದಿನದ ಇನ್ನೊಂದು ಮಾತು 'ಡು ಆರ್ ಡೈ'. ಡಕಾರ ಎರಡು ಸಲ, ಅಲಿಟರೇಷನ್. ಹಿಂದಿಯಲ್ಲಿ 'ಕರೋ ಯಾ ಮರೋ', ಅಲ್ಲಿ ಅಂತ್ಯಪ್ರಾಸ. ಕನ್ನಡದಲ್ಲಿ 'ಮಾಡು ಇಲ್ಲವೇ ಮಡಿ', ಮಕಾರವೂ ಬಂತು, ಎರಡನೇ ಅಕ್ಷರದ ಡಕಾರವೂ ಬಂತು. ಮೂರು ಭಾಷೆಯೂ ತನ್ನ ತನ್ನ ಕಿವಿಗೆ ತಕ್ಕ ಹಾಗೆ ಕಟ್ಟಿಕೊಂಡಿವೆ. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದಾಗೆಲ್ಲ ಹಿಂದಿನ ಬೆಂಚೂ ಎದ್ದು ಕೂತಿದೆ.

ಅದೂ ಬೇಡ, ಬೆಣ್ಣೆಯ ಹೋರ್ಡಿಂಗ್ ನೋಡಿ. ಅಮೂಲ್ ಹುಡುಗಿಯ 'ಅಟರ್ಲಿ ಬಟರ್ಲಿ ಡಿಲಿಶಿಯಸ್', ಅರವತ್ತರ ದಶಕದಿಂದ ಇದೆ. ಬಟರ್ ಅನ್ನುವ ನಾಮಪದಕ್ಕೆ ಬಾಲ ಅಂಟಿಸಿ ಇಲ್ಲದ ಒಂದು ಕ್ರಿಯಾವಿಶೇಷಣ ಹುಟ್ಟಿಸಿದ್ದಾರೆ. ಅದು ವ್ಯಾಕರಣ. ಅಟರ್ಲಿ-ಬಟರ್ಲಿ ಪ್ರಾಸ. ಅದು ಪದ್ಯ. ಮನೆಗೆ ಬೆಣ್ಣೆ ಬಂತು. ಅದು ಮನವೊಲಿಕೆ. ಮೂರು ಹೋಂವರ್ಕ್ ಒಂದೇ ಕಂಬದ ಮೇಲೆ. ಬಸ್ಸಿನ ಕಿಟಕಿಯಿಂದ ನೋಡಿ ಮಾತಾಡಿ, ಖರ್ಚಿಲ್ಲ.

ಮೊಬೈಲ್ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ಈಗ ಫೋನಿಗೆ ಕೇಳಿದರೆ ಅರ್ಧ ನಿಮಿಷದಲ್ಲಿ ಪ್ರಬಂಧ ಬರುತ್ತದೆ, ಏನು ಮಾಡೋದು ಅಂತ. ಬರಲಿ ಬಿಡಿ. ತಡೆಯೋಕೆ ಆಗೋದಿಲ್ಲ. ಆದರೆ ಬಂದದ್ದನ್ನು ಮಗು ನಿಮಗೆ ಓದಿ ಹೇಳಲಿ, ಪ್ರತಿ ವಾಕ್ಯಕ್ಕೂ ನೀವು ರೊಟ್ಟಿ ಅಕ್ಕನ ಪ್ರಶ್ನೆ ಕೇಳಿ, 'ಹಂಗಂದ್ರ ಏನು?' ಹೇಳೋಕೆ ಬರದ ವಾಕ್ಯ ಹೊಡೆದು ಹಾಕಲಿ. ನಾನು ಅವತ್ತು ಆ ಹುಡುಗನಿಗೆ ಮಾಡಿದ್ದೂ ಫೋನ್ ಮಾಡುವ ಕೆಲಸವೇ, ಅಲ್ವಾ. ಫೋನಿಗಾದರೂ ಗ್ಯಾಸ್ ಮೇಲೆ ಸಾರು ಇರಲಿಲ್ಲ.

ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಘಾಟ್‌ಕೋಪರಿನಿಂದ ಬಂದವರು, ಹೋಟೆಲಿನಲ್ಲಿ ಕೆಲಸ. 'ಟೀಚರ್, ನಾನು ಮನೆಗೆ ಬರೋದು ರಾತ್ರಿ ಹನ್ನೊಂದಕ್ಕೆ. ಮಗಳು ಮಲಗಿರ್ತಾಳೆ. ನಾನೆಲ್ಲಿಂದ ಕೇಳಲಿ?'

ನನಗೆ ತಕ್ಷಣ ಉತ್ತರ ಬರಲಿಲ್ಲ. ಆಮೇಲೆ ಹೇಳಿದೆ, ನೋಟ್‌ಬುಕ್ಕು ಟೇಬಲ್ ಮೇಲೆ ತೆರೆದಿಟ್ಟು ಮಲಗೋಕೆ ಹೇಳಿ. ನೀವು ಬಂದು ನೋಡಿ, ಕೊನೆಯ ಪುಟದಲ್ಲಿ ಕನ್ನಡದಲ್ಲಿ ಒಂದು ಪ್ರಶ್ನೆ ಬರೆದಿಡಿ. ಒಂದೇ ಒಂದು. ಬೆಳಿಗ್ಗೆ ಅವಳು ಉತ್ತರ ಬರೆಯಲಿ, ಯಾವ ಭಾಷೆಯಲ್ಲಾದರೂ.

'ಅವಳಿಗೆ ಕನ್ನಡ ಓದೋಕೆ ಬರಲ್ಲ ಟೀಚರ್' ಅಂದರು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಥಟ್ಟನೆ ತಿರುಗಿ ಹೇಳಿದರು: 'ಅಣ್ಣಾ, ಆ ಪ್ರಶ್ನೆ ಏನಂತ ಗೊತ್ತಾಗೋಕಾದ್ರೂ ಓದೋಕೆ ಕಲೀತಾಳೆ ಬಿಡಿ.'